ಬುಟ್ಟಿಯ ಕೆಳಗೆ ಮೂರು ಫೋನು

ಈ ವಯಸ್ಸಿನಲ್ಲಿ ನನ್ನನ್ನು ನ್ಯಾಯಾಧೀಶಳನ್ನಾಗಿ ಕೂರಿಸಬಾರದಿತ್ತು. ಅದೂ ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ, ಮತ್ತೊಂದು ಕಡೆ ಅಳಿಯ ನಿಂತಿರುವ ಮೊಕದ್ದಮೆಯಲ್ಲಿ. ಮಗನ ಪರವಾಗಿ ತೀರ್ಪು ಕೊಟ್ಟರೆ ಸೊಸೆ ಚಹಾಕ್ಕೆ ಸಕ್ಕರೆ ಹಾಕಲು ಮರೆಯುತ್ತಾಳೆ. ಸೊಸೆಯ ಪರವಾಗಿ ಕೊಟ್ಟರೆ ಮಗ ಊಟದ ತಾಟಿನ ಮುಂದೆ ಕುಳಿತು ಗೋಡೆಯ ಜೊತೆ ಮಾತಾಡುತ್ತಾನೆ. ಇನ್ನು ಅಳಿಯನ ವಿರುದ್ಧ ತೀರ್ಪು ಕೊಡುವ ಪದ್ಧತಿ ಮರಾಠಿ ಗಡಿಯೊಳಗಿನ ನಮ್ಮ ಆರಗ ಊರಿನ ಕಡೆ ಇನ್ನೂ ಬಂದಿಲ್ಲ.

ಮೊಕದ್ದಮೆ ಹುಟ್ಟಿದ್ದು ನನ್ನ ಹಳೆಯ ಫೋನಿನಿಂದ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಅಕ್ಕನ ಜೊತೆ ಮಾತು ಮುಗಿಸಿ ಫೋನು ಕೆಳಗಿಡುವಷ್ಟರಲ್ಲಿ ಅದರ ಮುಖದ ಮೇಲೆ ಒಂದು ಬಿಳಿ ಚೀಟಿ ಮೂಡಿತು. ತುಂಬ ಅಕ್ಷರ, ಎಲ್ಲ ಇಂಗ್ಲಿಷ್. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮತ್ತು ನನ್ನ ಹೆಸರು, ಅಷ್ಟೇ. ಮೊಮ್ಮಗಳು ಯೋಗಿತಾಳನ್ನು ಕರೆದೆ. ಮಿರಜದ ಕಾಲೇಜಿಗೆ ಹೋಗುವ ಹುಡುಗಿ. ಅವಳ ಕನ್ನಡ ಅರ್ಧ ದಾರಿಗೆ ಹೋಗಿ ಮರಾಠಿ ಬಸ್ಸು ಹತ್ತುತ್ತದೆ.

"ಅಜ್ಜಿ, ಫೋನ್ ಜುನಾ ಆಗೈತಿ. ಹ್ಯಾ ಮಹಿನ್ಯಾ ಮುಗದಮ್ಯಾಲೆ ಇದರಾಗ ವಿಡಿಯೋ ಕಾಲ್ ಬಂದ್."

"ಬಂದ್ ಅಂದ್ರ? ರಿಪೇರಿ?"

"ನಾಹೀ. ಕಾಯಮ್ ಬಂದ್."

ಫೋನು ಹಳೆಯದಾಗಿದೆ, ಈ ತಿಂಗಳು ಮುಗಿದ ಮೇಲೆ ಅದರಲ್ಲಿ ಮುಖ ನೋಡಿ ಮಾತಾಡುವುದು ಆಗದು. ಹುಡುಗಿ ಇಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿ ಹೋದಳು. ನಾನು ಅಲ್ಲೇ ಕುಳಿತೆ.

ಯಾಕೆ ಕುಳಿತೆ ಎಂಬುದನ್ನು ಹೇಳಬೇಕು. ಹೌಸಾಬಾಯಿ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾವೆಲ್ಲ ಹೌಸಕ್ಕ ಅನ್ನುತ್ತೇವೆ. ಮಾಲಗಾಂವದಲ್ಲಿ ಇರುತ್ತಾಳೆ. ಆರು ವರ್ಷದ ಹಿಂದೆ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಪಕ್ಕದಲ್ಲಿ ತಾಶೆ ಬಾರಿಸಿದರೂ ಕೇಳುವುದಿಲ್ಲ. ಆರಗದಿಂದ ಮಾಲಗಾಂವ ದೂರವೇನಲ್ಲ. ಆದರೆ ನಮ್ಮಿಬ್ಬರದೂ ಸೇರಿ ನಾಲ್ಕು ಮೊಣಕಾಲು, ಅವುಗಳಲ್ಲಿ ಮೂರು ಮಡಚುವುದಿಲ್ಲ. ಹಾಗಾಗಿ ನಾವು ಭೇಟಿಯಾಗುವುದು ಫೋನಿನಲ್ಲಿ, ದಿನಾಲು ಬೆಳಗ್ಗೆ ಏಳಕ್ಕೆ. ಕರೆ ಮಾಡುವವಳು ಯಾವಾಗಲೂ ನಾನೇ. ಅವಳಿಗೆ ಗಂಟೆ ಕೇಳಿಸದ ಕಾರಣ ಏಳಕ್ಕೆ ಐದು ನಿಮಿಷ ಇರುವಾಗಲೇ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾವಾಗ ಬೆಳಕು ಬರುತ್ತದೋ ಎಂದು ನೋಡುತ್ತ ಕೂತಿರುತ್ತಾಳೆ.

ನಂತರ ಕೈಯಲ್ಲಿ ಮಾತು. ಅಂಗೈ ಕೆನ್ನೆಗೆ ಹಚ್ಚಿದರೆ 'ನಿದ್ದೆ ಬಂತೇನು'. ಮುಷ್ಟಿ ತಿರುವಿದರೆ 'ಮೊಣಕಾಲು ಹ್ಯಾಂಗೈತಿ'. ಇಂಥ ಸನ್ನೆ ನಲವತ್ತೊಂದು ಇವೆ (ಎಣಿಸಿದ್ದೇನೆ). ಮನೆಯವರಿಗೂ ಒಂದೊಂದಿದೆ. ಮೀಸೆ ತಿರುವಿ ಕೂಡಲೇ ಕಿವಿ ಹಿಡಿದುಕೊಂಡರೆ ನನ್ನ ಮಗ ರಾಜಕುಮಾರ. ಬಾಯಿ ಸೊಟ್ಟಗೆ ಮಾಡಿದರೆ ಸೊಸೆ ರೂಪಾಲಿ. ಇಲ್ಲದ ಧೂಳನ್ನು ತೋಳಿನಿಂದ ಝಾಡಿಸಿದರೆ ಅಳಿಯ ತುಷಾರ. ಇವೆಲ್ಲ ನಮ್ಮಿಬ್ಬರನ್ನು ಬಿಟ್ಟರೆ ಭೂಲೋಕದಲ್ಲಿ ಯಾರಿಗೂ ತಿಳಿಯದು ಎಂದು ನಾವು ನಂಬಿದ್ದೆವು.

ಹೀಗಾಗಿ 'ಕಾಯಮ್ ಬಂದ್' ಅಂದರೆ ನನ್ನ ಪಾಲಿಗೆ ಹೌಸಕ್ಕನ ಮುಖವೇ ಬಂದ್. ಅವಳು ಅಲ್ಲೇ ಇರುತ್ತಾಳೆ, ನಾನು ಇಲ್ಲೇ ಇರುತ್ತೇನೆ, ನಡುವೆ ಯಾರೋ ಕಿಟಕಿಗೆ ಇಟ್ಟಂಗಿ ಕಟ್ಟಿದಂತೆ.

ಸಂಜೆ ರಾಜಕುಮಾರ ಬಂದ. ದ್ರಾಕ್ಷಿ ಬುಟ್ಟಿಗಳನ್ನು ಟೆಂಪೋದಲ್ಲಿ ಮಿರಜಕ್ಕೆ ಒಯ್ಯುವ ಕೆಲಸ ಅವನದು. ವಿಷಯ ಕೇಳಿ ನಕ್ಕ.

"ಇದಕ್ಯಾಕ ಕಾಳಜಿ ಮಾಡ್ತಿ ಅವ್ವಾ? ನನ್ನ ಕಡೆ ಇನ್ನೊಂದು ಫೋನ್ ಐತಿ. ಹಸಿರು ಗೊಂಬಿದು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನs ಬಳಸ್ತಾರ."

ಒಳಗಿನಿಂದ ಲಟ್ಟಣಿಗೆ ನಿಂತ ಸದ್ದು ಬಂತು. ರೂಪಾಲಿ ಹೊರಗೆ ಬಂದಳು. "ಅರ್ಧ ಮಂದಿ ಬಳಸ್ತಾರಂತ ಚಲೋ ಏನ್ರಿ? ಅರ್ಧ ಮಂದಿ ತಂಬಾಕೂನೂ ತಿಂತಾರ. ಅತ್ತೀರಿ, ನಮ್ಮ ದಾದಾ ನನಗ ಕೊಟ್ಟ ಸೇಬಿನ ಫೋನ್ ಐತೆಲ್ಲ, ನೀವು ಅದನ್ನ ತಗೋರಿ."

"ನಿಮ್ಮ ದಾದಾ ಮೂರು ವರ್ಷ ಕಡದು ಬಿಟ್ಟ ಸೇಬು ಅದು," ಅಂದ ಮಗ, ಅವಳ ಅಣ್ಣನನ್ನು ಕುರಿತು.

"ಕಡದಿದ್ರೂ ಸೇಬು ಸೇಬs. ನಿಮ್ಮ ಗೊಂಬಿ ನಡು ನಡುವ ನಿದ್ದಿ ಹೊಡಿತೈತಿ, ನಿಮ್ಮಂಗ."

ಅಷ್ಟರಲ್ಲಿ ಸುದ್ದಿ ಸಾಂಗ್ಲಿಗೆ ಹೋಯಿತು. ನನ್ನ ಮಗಳ ಗಂಡ ತುಷಾರನಿಗೆ ಅಲ್ಲಿ ಮೊಬೈಲಿನ ಅಂಗಡಿ. ಮರುದಿನವೇ ಮೋಟರ್‌ಸೈಕಲ್ ಮೇಲೆ ಬಂದ. ಕುಳಿತುಕೊಳ್ಳುವ ಮುಂಚೆ ಕುರ್ಚಿಯನ್ನು ತೋಳಿನಿಂದ ಝಾಡಿಸಿದ (ನಾನು ಬೇರೆ ಕಡೆ ನೋಡಿದೆ). ಕಿಸೆಯಿಂದ ಒಂದು ಹೊಚ್ಚ ಹೊಸ ಫೋನು ತೆಗೆದು, ಹೆಣ್ಣು ತೋರಿಸುವವರ ಹಾಗೆ ಸಾವಕಾಶ ಮುಂದಿಟ್ಟ.

"ಅತ್ತಿ, ಅವೆಲ್ಲ ಬಿಡ್ರಿ. ಇದು 'ಸಹ್ಯಾದ್ರಿ'. ಪೇಟಿಗೆ ಬಂದು ಬರೋಬರ ಹದಿನೈದು ದಿನ ಆತು. ನಮ್ಮ ಮಂದಿನs ಮಾಡಿದ್ದು. ಬಾವೀಸ ಭಾಷಾ ಬರತಾವ ಇದಕ್ಕ."

"ಹೆಸರು ಫೋನಿಂದೇನು?"

"ಫೋನಿಂದಲ್ರಿ, ಓಎಸ್ದು. ಫೋನ್ ಅಂದ್ರ ಬರೇ ಡಬ್ಬಿ. ಒಳಗ ಕೂತು ನಡಸಾಂವ ಬ್ಯಾರೆ ಇರ್ತಾನ. ಅಂವಗ ಓಎಸ್ ಅಂತಾರ."

ಇದು ನನಗೆ ಕೂಡಲೇ ತಿಳಿಯಿತು. ನಮ್ಮ ಪೂಜಾರಿ ಹುಲಿಗೆಪ್ಪ ವಾರವಿಡೀ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂರುವ ಸಾದಾ ಮನುಷ್ಯ. ಅಮಾವಾಸ್ಯೆಯ ದಿನ ಬೀರದೇವರು ಮೈಮೇಲೆ ಬಂದಾಗ ಅದೇ ಬಾಯಿಯಿಂದ ಬೇರೆಯೇ ಮಾತು. ಅಂದರೆ ಡಬ್ಬಿ ಹುಲಿಗೆಪ್ಪ, ಓಎಸ್ ಬೀರದೇವರು. ಈಗ ನನ್ನ ಮುಂದೆ ಮೂರು ಹುಲಿಗೆಪ್ಪ, ಮೂರು ದೇವರು, ಮತ್ತು ಒಬ್ಬೊಬ್ಬ ದೇವರಿಗೆ ನನ್ನ ಮನೆಯಲ್ಲೇ ಒಬ್ಬೊಬ್ಬ ಭಕ್ತ.

ಹತ್ತು ದಿನ ಜಗಳ ನಡೆಯಿತು. ರೊಟ್ಟಿಯ ಮುಂದೆ ಜಗಳ, ನೀರಿನ ನಳದ ಹತ್ತಿರ ಜಗಳ. ತುಷಾರ ಸಾಂಗ್ಲಿಯಲ್ಲಿದ್ದುಕೊಂಡೇ ಜಗಳಕ್ಕೆ ಹಾಜರಾಗುತ್ತಿದ್ದ. ಕೊನೆಗೆ ಅವನೂ ಮತ್ತೆ ಬಂದು ಕೂತ ದಿನ ಮೂವರೂ ಒಂದೇ ಮಾತಿಗೆ ಬಂದರು: ಅವ್ವ ಏನು ಹೇಳುತ್ತಾಳೋ ಅದೇ ಕಾಯಂ. ಹೀಗೆ ಹೇಳುವಾಗ ಮೂವರೂ, ತೀರ್ಪು ಆಗಲೇ ತಮ್ಮ ಪರವಾಗಿ ಬಂದವರ ಹಾಗೆ ನನ್ನನ್ನು ನೋಡಿದರು.

ನಾನು ಒಪ್ಪಿದೆ. ನನಗೆ ಫೋನು ಗೊತ್ತಿಲ್ಲ, ಆದರೆ ಟಗರು ಗೊತ್ತು. ನನ್ನ ಯಜಮಾನರು ಜ್ಯೋತೆಪ್ಪ ಇದ್ದಾಗ ನಮ್ಮ ಹಿಂಡಿಗೆ ಟಗರು ಆರಿಸುತ್ತಿದ್ದವಳು ನಾನು. ಅವಸರ ಮಾಡಬಾರದು. ಹಲ್ಲು ನೋಡಬೇಕು, ಕಣ್ಣಿನ ರೆಪ್ಪೆ ಮಡಚಿ ಬಣ್ಣ ನೋಡಬೇಕು, ಹಸಿವೆ ತಡೆಯುತ್ತದೆಯೋ ಇಲ್ಲವೋ ನೋಡಬೇಕು. ಕರೆದರೆ ತಲೆ ಎತ್ತುತ್ತದೆಯೋ ನೋಡಬೇಕು. ಮೂರಕ್ಕೂ ಒಂದೇ ಮೇವು, ಒಂದೇ ಜಾಗ.

ಅಷ್ಟರಲ್ಲಿ ತುಷಾರ ಒಂದು ಮಾತು ಆಡಿದ. ಸೇಬಿನ ಫೋನನ್ನು ಎರಡು ಬೆರಳಿನಲ್ಲಿ ಹಿಡಿದು, "ಒಂದು ಧ್ಯಾನದಾಗ ಇರ್ಲಿ ಅತ್ತಿ. ಮಂದಿ ಬಳಸಿದ ಫೋನಿನ್ಯಾಗ ವೈರಸ್ ಇರ್ತಾವ. ಒಂದರಿಂದ ಒಂದಕ್ಕ ಹತ್ತತಾವ," ಅಂದ.

ಆ ಮಾತು ರೂಪಾಲಿಗೆ ಚುಚ್ಚಲೆಂದು ಆಡಿದ್ದು. ಚುಚ್ಚಿದ್ದು ನನಗೆ. ಮೂವತ್ತೊಂದು ವರ್ಷದ ಹಿಂದೆ ಯಜಮಾನರು ಸಂತೆಯಿಂದ ಎರಡು ಹೊಸ ಕುರಿ ತಂದು ಅದೇ ಸಂಜೆ ಹಿಂಡಿಗೆ ಬಿಟ್ಟರು. ಹನ್ನೆರಡು ದಿನದಲ್ಲಿ ಅರವತ್ತೆರಡರಲ್ಲಿ ಹತ್ತೊಂಬತ್ತು ಸತ್ತವು. ಅಂದಿನಿಂದ ನಮ್ಮ ಮನೆಯಲ್ಲಿ ನಿಯಮ: ಹೊಸದಾಗಿ ಬಂದದ್ದು ಯಾವುದೇ ಇರಲಿ, ಎಂಟು ದಿನ ಬೇರೆ. ಹಿಂಡಿಗೆ ಸೇರಿಸುವಂತಿಲ್ಲ, ಒಂದೇ ಕಲ್ಲುದೋಣಿಯಲ್ಲಿ ನೀರು ಕುಡಿಸುವಂತಿಲ್ಲ. ಈಗ ನಾನು ಈ ಫೋನಿನಿಂದ ಹೌಸಕ್ಕನಿಗೆ ಕರೆ ಮಾಡಿ, ರೋಗ ಅವಳ ಫೋನಿಗೆ ಹತ್ತಿ, ಅದೂ ಸತ್ತರೆ? ನನ್ನದು ಹೋದರೆ ಮನೆಯಲ್ಲಿ ಮೂರು ಇವೆ. ಅವಳಿಗೆ ಇರುವುದು ಒಂದೇ.

ಕುರಿಮರಿ ಮುಚ್ಚುವ ಬಿದಿರಿನ ದೊಡ್ಡ ಬುಟ್ಟಿ ಅಟ್ಟದ ಮೇಲಿತ್ತು. ಇಳಿಸಿ, ಝಾಡಿಸಿ, ಮೂರೂ ಫೋನುಗಳನ್ನು ಒಂದೊಂದು ಗೇಣು ದೂರ ಇಟ್ಟು ಮುಚ್ಚಿದೆ. ನನ್ನ ಹಳೆಯ ಫೋನನ್ನೂ ಬಿಡಲಿಲ್ಲ. ಅದು ಒಂದು ಮಧ್ಯಾಹ್ನ ಸೇಬಿನ ಫೋನಿನ ಪಕ್ಕದಲ್ಲಿ ಮಲಗಿತ್ತು.

"ಅತ್ತೀರಿ," ಅಂದಳು ರೂಪಾಲಿ, "ಕುರಿಗೆ ಬರೋ ರೋಗ ಫೋನಿಗೆ ಬರೂದಿಲ್ರಿ."

"ಫೋನಿಗೆ ಬರೋ ರೋಗ ಫೋನಿಗೆ ಬರತೈತೋ ಇಲ್ಲೋ?"

ಅವಳು ರೊಟ್ಟಿ ಹೊತ್ತುತ್ತಿದೆಯೆಂದು ಒಳಗೆ ಹೋದಳು. ಕಲಿತವರು ಎಷ್ಟೋ ಸಲ ಹೀಗೇ ಒಳಗೆ ಹೋಗುತ್ತಾರೆ.

ಆದರೆ ಎಂಟು ದಿನ ನನ್ನ ಮುಖ ಕಾಣದಿದ್ದರೆ ಹೌಸಕ್ಕ ಗಾಬರಿಯಾಗುತ್ತಾಳೆ. ಅವಳ ಮಗ ಸೊಸೆ ಕುರಿ ಹೊಡೆದುಕೊಂಡು ದೂರ ಹೋಗಿದ್ದರು, ಮನೆಯಲ್ಲಿ ಅವಳೊಬ್ಬಳೇ. ಅವಳಿಗೆ ನಾಲ್ಕಕ್ಷರ ಓದಲು ಬರುತ್ತದೆ, ಅದಕ್ಕೆ ರಾಜಕುಮಾರನಿಗೆ ಹೇಳಿದೆ, "ನಿನ್ನ ಫೋನಿಂದ ದೊಡ್ಡವ್ವಗ ತಿಳಸು. ಎಂಟು ದಿನ ನಾ ಕಾಣೂದಿಲ್ಲ, ಕಾಳಜಿ ಮಾಡಬ್ಯಾಡಂತ." ರಾತ್ರಿ ಊಟಕ್ಕೆ ಕೂತಾಗ ಮತ್ತೆ ಕೇಳಿದೆ. "ಆವಾಗs ಬಿಟ್ಟೇನಿ ಅವ್ವಾ ಮೆಸೇಜ್," ಅಂದ. ಮರುದಿನ ಇನ್ನೊಮ್ಮೆ ಕೇಳಿದೆ. "ಬಿಟ್ಟೇನಿ ಅಂದ್ನೆಲ್ಲ," ಅಂದ. ಮೂರನೆಯ ಸಲ ಕೇಳಲಿಲ್ಲ. ಆ ಸಲವೇ ಕೇಳಬೇಕಿತ್ತು.

ಪರೀಕ್ಷೆ ಶುರುವಾಯಿತು. ಅಡುಗೆಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಮನೆ ಬರೆದೆ: ಒಂದರಲ್ಲಿ ಗೊಂಬೆ, ಒಂದರಲ್ಲಿ ಸೇಬು, ಒಂದರಲ್ಲಿ ಗುಡ್ಡ. ಗೆದ್ದದ್ದಕ್ಕೆ ಒಂದು ಗೀಟು.

ಮೊದಲು ಹಸಿವೆ. ಮೂರಕ್ಕೂ ಹೊಟ್ಟೆ ತುಂಬ ಚಾರ್ಜು ಹಾಕಿ ಬೆಳಗ್ಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಗೊಂಬೆ ಅರ್ಧ ಹೊಟ್ಟೆಗೆ ಬಂದಿತ್ತು. "ಅದು ಕೆಲಸ ಮಾಡೇತಿ, ಅದಕ್ಕ ಹಸದೈತಿ," ಅಂದ ಮಗ. ಕೆಲಸ ಏನೆಂದು ವಿಚಾರಿಸಿದರೆ, ಬುಟ್ಟಿ ಎತ್ತಿ ಅವನೇ ಎರಡು ತಾಸು ಕುಸ್ತಿ ನೋಡಿದ್ದ. ಪರೀಕ್ಷೆ ರದ್ದು ಮಾಡಿ, ಮರುದಿನ ಬುಟ್ಟಿಯ ಮೇಲೆ ಒಳಕಲ್ಲಿನ ಗುಂಡು ಇಟ್ಟೆ.

ಎರಡನೆಯದು ಒಡತಿಯ ಗುರುತು. ಗೊಂಬೆ ಹೆಬ್ಬೆರಳು ಕೇಳಿತು. ಐವತ್ತೈದು ವರ್ಷ ರೊಟ್ಟಿ ಬಡಿದು, ಉಣ್ಣೆ ನೂತ ಹೆಬ್ಬೆರಳು ನನ್ನದು. ಅದರ ಮೇಲಿನ ಗೆರೆಗಳು ಯಾವ ಕಾಲಕ್ಕೋ ಸವೆದಿವೆ. ರೇಶನ್ ಅಂಗಡಿಯ ಯಂತ್ರವೇ ನನ್ನನ್ನು ಒಪ್ಪುವುದಿಲ್ಲ, ಪಾಪ ಇದೇನು ಒಪ್ಪೀತು. ಸೇಬು ಮುಖ ಕೇಳಿತು. ತೋರಿಸಿದೆ, ತೆರೆಯಿತು. ಗೀಟು ಎಳೆದೆ. ಮರುದಿನ ಬೆಳಗ್ಗೆ ಹಲ್ಲಿಗೆ ತಂಬಾಕಿನ ಮಿಶ್ರಿ ಹಚ್ಚುತ್ತ, ಕಪ್ಪು ಪುಡಿಯ ಬೆರಳು ಬಾಯಲ್ಲಿದ್ದಂತೆಯೇ ತೋರಿಸಿದೆ. ತೆರೆಯಲಿಲ್ಲ. ಅದರ ತಪ್ಪೇನಿಲ್ಲ, ಆ ಹೊತ್ತಿನಲ್ಲಿ ಯಜಮಾನರೂ ನನ್ನ ಕಡೆ ನೋಡುತ್ತಿರಲಿಲ್ಲ.

ಮೂರನೆಯದು ಕರೆದರೆ ತಲೆ ಎತ್ತುವುದು. ಸಹ್ಯಾದ್ರಿಗೆ ಬಾವೀಸ, ಅಂದರೆ ಇಪ್ಪತ್ತೆರಡು ಭಾಷೆ ಬರುತ್ತವಲ್ಲ. ಬುಟ್ಟಿಯ ಹತ್ತಿರ ಬಾಗಿ ಮಳೆಯ ವಿಷಯ ಕೇಳಿದೆ, "ನಾಳಿಗೆ ಪಾವಸ ಬರತೈತೇನು? ಶಗಣಿ ಕುಳ್ಳು ಹೊರಗ ಬಿದ್ದಾವ."

ಒಳಗಿನಿಂದ ರೇಡಿಯೋ ವಾರ್ತೆ ಓದುವ ಹೆಣ್ಣುಮಗಳ ದನಿ ಬಂತು: "ಕ್ಷಮಿಸಿ. ತಾವು ಹೇಳಿದ್ದು ತಿಳಿಯಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳುವಿರಾ?"

ಅಷ್ಟು ಮರ್ಯಾದೆಯಿಂದ ನನ್ನ ಜೊತೆ ಯಾರೂ ಮಾತಾಡಿದ್ದಿಲ್ಲ. ಸೆರಗು ಸರಿಮಾಡಿಕೊಂಡು, "ಇರಲಿ ಬಿಡ್ರಿ, ನಾನs ಕುಳ್ಳು ಒಳಗ ತರ್ತೇನಿ," ಅಂದೆ. ತಿಳಿಯದಿದ್ದರೂ ವಿನಯಕ್ಕೆಂದು ಅರ್ಧ ಗೀಟು ಕೊಟ್ಟೆ.

ನಾಲ್ಕನೆಯದು ಕಣ್ಣು. ಐದನೆಯ ದಿನ ಯೋಗಿತಾ ನನ್ನ ನಂಬರಿನ ಸಿಮ್ ಚೀಟಿಯನ್ನು ಒಂದೊಂದೇ ಫೋನಿಗೆ ಹಾಕಿ, ನನ್ನನ್ನು ಕೋಣೆಯಲ್ಲಿ ಕೂರಿಸಿ ಮೂರರಿಂದಲೂ ಫೋಟೋ ತೆಗೆದಳು. ಒಂದು ಅವಳ ಮನಸ್ಸಿಗೆ ಬಂತು. "ಅಜ್ಜಿ, ಹಾ ಬಘ, ಏಕದಮ್ ಜುನ್ಯಾ ಪಿಚ್ಚರ್ ಗತ. ಇದನ್ನ ನಿನ್ನ ನಂಬರಿಗೆ ಹಚ್ಚತೇನಿ," ಅಂದಳು. ಹಳೆಯ ಸಿನಿಮಾದ ಹಾಗಿದ್ದರೆ ಹಚ್ಚು ಅಂದೆ. ಚಷ್ಮಾ ಕೈಯಲ್ಲಿರಲಿಲ್ಲ, ನೋಡಲಿಲ್ಲ.

ಹೀಗೆ ಇವೇ ಪರೀಕ್ಷೆಗಳನ್ನು ತಿರುತಿರುಗಿ ಮಾಡುತ್ತ ದಿನಗಳು ಹೋದವು. ಆದರೆ ಪ್ರತಿದಿನ ಏಳು ಗಂಟೆ ಮಾತ್ರ ಬಿಡದೆ ಬರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಬುಟ್ಟಿಯ ಮುಂದೆ ಹೋಗಿ ಕೂರುತ್ತಿದ್ದೆ. ಹೌಸಕ್ಕ ಔಷಧ ತೆಗೆದುಕೊಂಡಳೋ ಇಲ್ಲವೋ. ಬಚ್ಚಲಲ್ಲಿ ಜಾರಿದರೆ ಯಾರು ನೋಡಬೇಕು. ಆರನೆಯ ದಿನ ನನಗೆ ತಿಳಿಯದಂತೆ ಅಂಗೈ ಕೆನ್ನೆಗೆ ಹೋಗಿ, ಎದುರಿನ ಗೋಡೆಗೆ 'ನಿದ್ದೆ ಬಂತೇನು' ಎಂದು ಕೇಳಿತು. ಬಾಗಿಲಲ್ಲಿ ರೂಪಾಲಿ ನಿಂತಿದ್ದಳು.

"ಬುಟ್ಟಿ ಎತ್ರಿ ಅತ್ತೀರಿ," ಅಂದಳು. "ಒಂದs ನಿಮಿಷ ಮಾತಾಡ್ರಿ. ಯಾರಿಗೂ ಹೇಳೂದಿಲ್ಲ."

"ಇನ್ನೂ ಎರಡು ದಿನ ಅದಾವ," ಅಂದೆ. ಹತ್ತೊಂಬತ್ತು ಕುರಿ ನನ್ನ ಕಣ್ಣ ಮುಂದೆ ಬಿದ್ದಿದ್ದವು.

ಒಂಬತ್ತನೆಯ ದಿನ ತೀರ್ಪು. ತಿಂಗಳು ಮುಗಿಯಲು ಇನ್ನೊಂದೇ ದಿನ. ತುಷಾರ ಗೆದ್ದವನ ಹಾಗೆ ಪೇಢೆಯ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ರಾಜಕುಮಾರ ಟೆಂಪೋಕ್ಕೆ ರಜೆ ಕೊಟ್ಟಿದ್ದ. ರೂಪಾಲಿ ಒಲೆ ಆರಿಸಿ ಬಂದು ಕಂಬಕ್ಕೆ ಒರಗಿದಳು. ನಾನು ಗೋಡೆಯ ಗೀಟುಗಳನ್ನು ಎರಡು ಸಲ ಎಣಿಸಿದೆ. ಗೊಂಬೆ ಹನ್ನೊಂದು, ಸೇಬು ಹನ್ನೊಂದು, ಸಹ್ಯಾದ್ರಿ ಹನ್ನೊಂದು. (ಯಾರಿಗೂ ನೋವಾಗಬಾರದೆಂದು ನಾನು ಹೊಂದಿಸಿದ್ದಲ್ಲ, ತಾನಾಗಿ ಹಾಗೆ ಬಂದಿತ್ತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.) ಈ ಮೂರು ಹನ್ನೊಂದನ್ನು ಯಾವ ಬಾಯಿಂದ ಹೇಳಲಿ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಆಗ ಓಣಿಯ ತುದಿಯಲ್ಲಿ ಅಳು ಕೇಳಿತು.

ನಮ್ಮಲ್ಲಿ ಸತ್ತವರ ಮನೆಗೆ ಬರುವ ಬಳಗದ ಹೆಂಗಸರು ಜೀಪಿನಿಂದ ಇಳಿದ ಜಾಗದಿಂದಲೇ ಅಳುತ್ತ ಬರುತ್ತಾರೆ. ಸೆರಗನ್ನು ಗದ್ದದವರೆಗೆ ಇಳಿಬಿಟ್ಟು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು. ನಮ್ಮ ಪಕ್ಕದ ಮನೆಯ ಸುನಂದಾಬಾಯಿಯ ಅತ್ತೆಗೆ ತೊಂಬತ್ಮೂರು ವರ್ಷ, ಹಾಸಿಗೆ ಹಿಡಿದು ಎರಡು ವರ್ಷ. ಹೋದಳು ಮುದುಕಿ ಅಂದುಕೊಂಡೆ. ಖರೇ ಹೇಳುತ್ತೇನೆ, ತೀರ್ಪು ಮುಂದಕ್ಕೆ ಹೋಯಿತೆಂದು ಸ್ವಲ್ಪ ಹಗುರವೂ ಆಯಿತು. ಸೆರಗು ಎಳೆದುಕೊಂಡು ಹೊರಬಿದ್ದೆ.

ಏಳು ಹೆಂಗಸರು ಬರುತ್ತಿದ್ದರು. ಯಾರ ಮುಖವೂ ಕಾಣದು. ಹಿಂದೆ ಸೇರಿಕೊಂಡು ನಾನೂ ದನಿ ತೆಗೆದೆ. "ಎಂಥಾ ಚಲೋ ಜೀವ ಹೋತವ್ವಾ, ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲವ್ವಾ." ಚೆನ್ನಾಗಿಯೇ ಅತ್ತೆ. ಎಂಟು ದಿನದ ಕಾಳಜಿ ಒಳಗೆ ನಿಂತಿತ್ತು, ಇಳಿಯಲು ದಾರಿ ಸಿಕ್ಕಿತು. ಆದರೆ ಆ ಹೆಂಗಸರು ಸುನಂದಾಬಾಯಿಯ ಬಾಗಿಲು ದಾಟಿದರು. ಸುನಂದಾಬಾಯಿಯೇ ಕೈಯಲ್ಲಿ ಫೋನು ಹಿಡಿದು ಹೊರಗೆ ಓಡಿಬಂದು, "ಯಾರs ಹೋದರು?" ಎಂದು ನನ್ನನ್ನು ಕೇಳಿದಳು. ಅವರು ನಮ್ಮ ಅಂಗಳಕ್ಕೆ ಹೊರಳಿದರು. ನಾನು ಕುಂಟುತ್ತಲೇ ಮುಂದೆ ಓಡಿದೆ, ಮನೆಯೊಳಗೆ ಯಾರಿಗೆ ಏನಾಯಿತೋ ಎಂದು. ಮುಂದಿದ್ದ ಹೆಂಗಸು ಎದುರಿಗೆ ಬಂದವಳ ಕೊರಳನ್ನು ತಬ್ಬಿದಳು. ಎದುರಿಗೆ ಬಂದವಳು ನಾನು.

"ಯವ್ವಾ ನನ್ನ ತಂಗೀ... ತುಳಸವ್ವಾ... ನನ್ನ ಬಿಟ್ಟು ಹ್ಯಾಂಗ ಹೋದೆವ್ವಾ..."

ತುಳಸವ್ವ ನನ್ನ ಹೆಸರು. ದನಿ ಹೌಸಕ್ಕನದು.

"ಅಕ್ಕಾ, ನಾ ಇಲ್ಲೇ ಅದೇನಿ," ಅಂದೆ. ಕಿವಿ ಇಲ್ಲದವಳಿಗೆ. ಕೈಸನ್ನೆ ಮಾಡೋಣವೆಂದರೆ ಎರಡೂ ಕೈ ಅವಳ ಅಪ್ಪುಗೆಯಲ್ಲಿ ಸಿಕ್ಕಿದ್ದವು. ಮುಖ ತೋರಿಸೋಣವೆಂದರೆ ಅವಳ ಮುಖದ ಮೇಲೆ ಸೆರಗು, ಸೆರಗಿನೊಳಗೆ ಮುಚ್ಚಿದ ಕಣ್ಣು. ನನ್ನ ಮುಖ ಅವಳಿಗೆ ಕಾಣಲೆಂದು ಎಂಟು ದಿನ ಮೂರು ದೇವರ ಪರೀಕ್ಷೆ ಮಾಡಿದ್ದೆ. ಈಗ ಒಂದು ಬೊಗಸೆ ದೂರದಲ್ಲಿದ್ದೇನೆ, ಕಾಣುತ್ತಿಲ್ಲ. ಅಳುವವರನ್ನು ನಡುವೆ ತಡೆಯುವ ರೂಢಿಯೂ ನಮ್ಮಲ್ಲಿಲ್ಲ, ದುಃಖ ಪೂರ್ತಿ ಇಳಿಯಬೇಕು. ಉಳಿದ ಆರು ಹೆಂಗಸರು ಸುತ್ತ ಕೂತು ಹೂಂಗುಟ್ಟುತ್ತಿದ್ದರು.

ಸತ್ತವರ ಗುಣಗಳನ್ನು ಎಣಿಸುತ್ತ ಅಳುವುದು ಪದ್ಧತಿ. ಹೌಸಕ್ಕ ಎಣಿಸತೊಡಗಿದಳು.

"ಏನ ಇದ್ರೂ ನನ್ನ ಮುಂದs ಹೇಳ್ತಿದ್ದೆವ್ವಾ... ಸೊಸಿ ರೊಟ್ಟಿ ದಪ್ಪ ಮಾಡ್ತಾಳಂತ ದಿನಾ ಬಾಯಿ ಸೊಟ್ಟ ಮಾಡಿ ತೋರಸ್ತಿದ್ದೆವ್ವಾ..."

ಹೊಸ್ತಿಲ ಮೇಲೆ ನಿಂತಿದ್ದ ರೂಪಾಲಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ.

"ಮಗಾ ಹೇಂತಿ ಹೇಳಿದಂಗ ಕುಣೀತಾನಂತ ಕಿವಿ ಹಿಡ್ಕೊಂಡು ತೋರಸ್ತಿದ್ದೆವ್ವಾ..."

"ಯಾರು ಕುಣ್ಯಾಂವ?" ಅಂದ ರಾಜಕುಮಾರ.

"ಸುಮ್ನ ನಿಂದ್ರಿ," ಅಂದಳು ರೂಪಾಲಿ. ಅವನು ಸುಮ್ಮನೆ ನಿಂತ.

"ಜಾವಾಯಿ ತಂದ ಸೀರಿ ಒಗದ್ರ ಬಣ್ಣ ಬಿಡತೈತಂತ ನನಗ ಕೊಟ್ಟೆವ್ವಾ... ಅದನ್ನs ಉಟ್ಟು ನಿನ್ನ ಮಣ್ಣಿಗೆ ಬಂದೇನವ್ವಾ..."

ಅಳಿಯ ತುಷಾರ ಆ ಸೀರೆಯ ಗುರುತು ಹಿಡಿದ. ಪೇಢೆಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. ಯಾರಿಗೂ ನೋವಾಗಬಾರದೆಂದು ನಾನು ಎಳೆದ ಮೂವತ್ತಮೂರು ಗೀಟುಗಳನ್ನು ಹೌಸಕ್ಕ ಮೂರೇ ಉಸಿರಿನಲ್ಲಿ ಅಳಿಸಿಬಿಟ್ಟಳು.

ಕೊನೆಗೆ ಬುದ್ಧಿ ಓಡಿಸಿದವಳು ಯೋಗಿತಾ. ಸುನಂದಾಬಾಯಿಯ ಕೈಯಲ್ಲಿದ್ದ ಫೋನನ್ನು ಕಸಿದುಕೊಂಡಳು. ಮೂಲೆ ಒಡೆದು ಅಂಟುಪಟ್ಟಿ ಹಚ್ಚಿದ, ಒಳಗೆ ಯಾವ ದೇವರಿದ್ದಾನೋ ಅದರ ಒಡತಿಗೇ ತಿಳಿಯದ ಫೋನು. ಅದರ ಕ್ಯಾಮೆರಾವನ್ನು ನಮ್ಮ ಕಡೆ ತಿರುಗಿಸಿ, ಹೌಸಕ್ಕನ ಸೆರಗಿನ ಒಳಗೆ ತೂರಿಸಿ, ಭುಜ ಅಲುಗಿಸಿದಳು. ಬೆಳಕು ಬಿದ್ದು ಹೌಸಕ್ಕ ಕಣ್ಣು ತೆರೆದಳು. ಫೋನಿನಲ್ಲಿ ನಾನಿದ್ದೆ, ಕಣ್ಣು ಬಾಯಿ ಬಿಟ್ಟುಕೊಂಡು.

ಅಳು ನಿಂತಿತು. ನನ್ನ ಕೊರಳು ಬಿಟ್ಟಳು. ನನ್ನ ಕಡೆ ತಿರುಗಿಯೂ ನೋಡದೆ, ಎರಡೂ ಕೈಯಿಂದ ಫೋನಿಗೆ ಬೈಯತೊಡಗಿದಳು. ಎಲ್ಲಿ ಸತ್ತಿದ್ದೀ, ಎಂಟು ದಿನ ಕೂತೆ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಬೆಳಕು ಬರಲಿಲ್ಲ. ನಮ್ಮ ನಲವತ್ತೊಂದು ಸನ್ನೆ ಅವಳಿಗೆ ಸಾಲಲಿಲ್ಲ, ನಾಲ್ಕೈದು ಹೊಸವು ಹುಟ್ಟಿದವು. ನಾನು ಪಕ್ಕದಿಂದ ಅವಳ ಮೊಣಕೈ ಮುಟ್ಟಿದೆ. ಕೈ ಕೊಡವಿ, ಮಾತಾಡುತ್ತಿದ್ದೇನೆ ಕಾಣುವುದಿಲ್ಲವೇ ಎಂದು ಸನ್ನೆ ಮಾಡಿದಳು. ಆಮೇಲೆ ಫೋನು ನೋಡಿದಳು, ನನ್ನ ನೋಡಿದಳು, ಇನ್ನೊಮ್ಮೆ ಫೋನು ನೋಡಿದಳು. ಅಲ್ಲೇ ಅಂಗಳದಲ್ಲಿ ಕುಸಿದು ಕೂತು, ನನ್ನ ಪಾದದ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಬಿಡಲಿಲ್ಲ.

ವಿಚಾರಣೆ ಆಮೇಲೆ ನಡೆಯಿತು. ಹೌಸಕ್ಕ ತನ್ನ ಫೋನು ತೆಗೆದು ತೋರಿಸಿದಳು. ಐದನೆಯ ದಿನ ಯೋಗಿತಾ ಹಚ್ಚಿದ ಫೋಟೋ. ಬಣ್ಣವಿಲ್ಲದೆ ಕಪ್ಪು ಬಿಳುಪು. ನಾನು ಕೂತದ್ದು ಯಜಮಾನರ ಫೋಟೋದ ಕೆಳಗೆ; ಅವರಿಗೆ ಹಾಕಿದ ಗಂಧದ ಹಾರ ಸರಿಯಾಗಿ ನನ್ನ ತಲೆಯ ಎರಡೂ ಬದಿಗೆ ಇಳಿದಿತ್ತು. ನಮ್ಮ ಕಡೆ ಅಂಥ ಫೋಟೋ ಫೋನಿನಲ್ಲಿ ಬಂದರೆ ಕೆಳಗಿನ ಅಕ್ಷರ ಯಾರೂ ಓದುವುದಿಲ್ಲ, ನೇರ ಜೀಪು ಕರೆಯುತ್ತಾರೆ. ಆದರೂ ಹೌಸಕ್ಕ ಆ ಮುಖ ಮತ್ತೆ ಬೆಳಗೀತೆಂದು ಮೂರು ದಿನ ಕಾದಿದ್ದಳಂತೆ. ಒಂಬತ್ತನೆಯ ಬೆಳಗ್ಗೆ ಫೋಟೋ ತೆಗೆದು ಓಣಿಯವರಿಗೆ ತೋರಿಸಿದಳು. ಅವರು ನನ್ನ ನಂಬರಿಗೆ ಮೂರು ಸಲ ಹಚ್ಚಿದ್ದರು. ಫೋನುಗಳ ಗಂಟೆ ಬಂದ್ ಇತ್ತು; ಎತ್ತುವವರು ಯಾರು, ಬುಟ್ಟಿಯ ಮೇಲೆ ಗುಂಡುಕಲ್ಲು.

"ಆದ್ರ ರಾಜಾ ಮೆಸೇಜ್ ಬಿಟ್ಟಿದ್ನೆಲ್ಲ," ಅಂದೆ.

ಯೋಗಿತಾ ಹೌಸಕ್ಕನ ಫೋನಿನಲ್ಲಿ ಹುಡುಕಿ ಒತ್ತಿದಳು. ರಾಜಕುಮಾರನ ದನಿ ಅಂಗಳದ ತುಂಬ ಕೇಳಿತು: "ದೊಡ್ಡವ್ವಾ, ಅವ್ವ ಎಂಟು ದಿನ ಫೋನ್ ಮಾಡೂದಿಲ್ಲ, ಕಾಳಜಿ ಮಾಡಬ್ಯಾಡ."

ಎಲ್ಲರೂ ಕೇಳಿದೆವು. ಯಾರಿಗೆ ಹೇಳಿದ್ದನೋ ಅವಳೊಬ್ಬಳನ್ನು ಬಿಟ್ಟು.

"ಬರಿಯೂಕ ಬ್ಯಾಸರಾತು," ಅಂದ ಮಗ, ನೆಲ ನೋಡುತ್ತ.

ಈಗ ಫೋನಿನ ಮಾತು ಉಳಿಯಿತು. ತೀರ್ಪು ಕೊಡುವ ನನ್ನ ಯೋಗ್ಯತೆ ಆಗಲೇ ಮಣ್ಣಾಗಿತ್ತು. ಹೌಸಕ್ಕನೇ ಎದ್ದಳು. ಬುಟ್ಟಿ ಎತ್ತಿ, ಮೂರೂ ಫೋನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಗೊಂಬೆ ಜಾರಿ ಬಿತ್ತು. ಸಹ್ಯಾದ್ರಿ ಜಾರಿ ಬಿತ್ತು. ಸೇಬಿನ ಫೋನಿಗೆ ಯೋಗಿತಾ ದಪ್ಪ ರಬ್ಬರಿನ ಕವಚ ಹಾಕಿದ್ದಳು, ಅದು ನಿಂತಿತು. ಹೌಸಕ್ಕ ನನ್ನ ಎರಡೂ ತೋಳು ಹಿಡಿದು ಅದರಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿಸಿದಳು. ಫೋನಿನಲ್ಲಿ ನನ್ನ ಮುಖದ ಜೊತೆ ಎರಡೂ ಕೈಗಳು ಪೂರ್ತಿ ಕಂಡವು. ಅವಳು ತಲೆ ಆಡಿಸಿ, ತನ್ನ ಕೈಗಳನ್ನು ತಟ್ಟಿ ತೋರಿಸಿದಳು: ಇವು ಕಾಣಬೇಕು. ಆರು ವರ್ಷದಿಂದ ನಾನು ಫೋನನ್ನು ಮೂಗಿಗೆ ಹಿಡಿದು ಕೂರುತ್ತಿದ್ದೆ, ಅವಳು ನನ್ನ ಅರ್ಧ ಮಾತನ್ನು ಊಹೆ ಮಾಡಿಕೊಂಡು ಸುಮ್ಮನಿರುತ್ತಿದ್ದಳು. ಹಸಿವೆ, ಗುರುತು, ಭಾಷೆ, ಕಣ್ಣು ಎಲ್ಲ ಪರೀಕ್ಷಿಸಿದ್ದೆ. ನೋಡುವವಳನ್ನು ಕೇಳಿರಲಿಲ್ಲ.

ರೂಪಾಲಿ ಸೇಬಿನ ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ತಗೋರಿ ಅತ್ತೀರಿ. ಬಾಯಿ ಸೊಟ್ಟ ಮಾಡಿದ್ರ ಇದರಾಗ ಭಾಳ ಸ್ವಚ್ಛ ಕಾಣತೈತಿ."

ಮಧ್ಯಾಹ್ನವಾಗಿತ್ತು. ತೀರ್ಪಿನ ಗಡಿಬಿಡಿಯಲ್ಲಿ ನಮ್ಮ ಒಲೆ ಆರಿತ್ತು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಬಳಗದವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹೌಸಕ್ಕನೂ ಬೆಳಗ್ಗೆ ಎದ್ದು ಜೋಳದ ರೊಟ್ಟಿ ಬಡಿದು, ಡಬ್ಬಿ ತುಂಬ ಝುಣಕ ಮಾಡಿ ತಂದಿದ್ದಳು. ಬಿಚ್ಚಿ ಎಲ್ಲರಿಗೂ ಬಡಿಸಿದಳು. ತುಷಾರನೂ ಸಿಟ್ಟು ಮರೆತು ಎರಡು ರೊಟ್ಟಿ ತಿಂದ. ನನ್ನ ಸಾವಿನ ಊಟಕ್ಕೆ ನಾನೂ ಕೂತೆ, ಅಕ್ಕನ ಎದುರಿಗೆ, ಎರಡು ಹೆಜ್ಜೆ ದೂರದಲ್ಲಿ.

ಒಂದು ತುತ್ತು ಬಾಯಿಗಿಟ್ಟೆ. ಸುಮ್ಮನೆ ನುಂಗಬಹುದಿತ್ತು. ಆದರೆ ಸ್ವಭಾವ ಬಿಡುವುದಿಲ್ಲವಲ್ಲ, ಎರಡು ಬೆರಳು ಉಜ್ಜಿ ತೋರಿಸಿದೆ: ಉಪ್ಪು ಕಡಿಮೆ.

ಹೌಸಕ್ಕ ತಾನೂ ಒಂದು ತುತ್ತು ತಿಂದು ನೋಡಿದಳು. ಹೌದೆಂದು ತಲೆ ಆಡಿಸಿದಳು. ಕಣ್ಣಿನಿಂದ ಕೆನ್ನೆಯವರೆಗೆ ಬೆರಳು ಇಳಿಸಿದಳು: ಅಳುತ್ತ ಮಾಡಿದ್ದೆ, ಕೈ ತಪ್ಪಿತು. ಆಮೇಲೆ ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿ, ಸಮಾಧಾನ ಮಾಡುವ ಹಾಗೆ ಹೇಳಿದಳು: ಇರಲಿ ಬಿಡು, ಮುಂದಿನ ಸಲ ಬರೋಬರ ಹಾಕಿ ತರುತ್ತೇನೆ.